ಹದಿನಾರರ ಮಳೆ

ಸ್ಯಾಲೋಬ್ರಿಡ್ಜ್, ಹ್ಯಾಂಪ್‌ಶೈರ್
9 ಜನವರಿ 2018

ಕ್ಲೆಮ್,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಅಂತ ಶುರು ಮಾಡಬೇಕು, ಮಾಡಲ್ಲ. ನಿನ್ನ ಕ್ರಿಸ್‌ಮಸ್ ಕಾರ್ಡು ಬಂತು. ಹೊರಗೊಂದು ಕುರಿ, ಒಳಗೆ ನಿನ್ನ ಹೆಸರು, ಅಷ್ಟೇ. ಆ ಕುರಿಯೇ ನಿನಗಿಂತ ಹೆಚ್ಚು ಮಾತಾಡುವ ಹಾಗೆ ಕಾಣುತ್ತೆ. ಫೋನ್ ಮಾಡಿದರೆ ಎತ್ತಲ್ಲ. ನೀನು ಮನೆ ಮಾರಿ ಆ ಶೆಟ್ಲೆಂಡಿಗೆ ಹೋಗಿ ಒಂದೂವರೆ ವರ್ಷ ಆಯ್ತು ಕಣೋ. ಜೋನ್ ಸತ್ತ ದುಃಖ ತಡೆಯಲಾರದೆ ಹೋದ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಹೆಂಡತಿ ಹೋದ ಗಂಡಸು ಅಕ್ಕನ ಮನೆಗೆ ಬರ್ತಾನೆ, ದ್ವೀಪಕ್ಕೆ ಓಡಲ್ಲ. ಇರಲಿ.

ಈಗ ಸುದ್ದಿ ಕೇಳು. ಕೊನೆಗೂ ಪರಿಸರ ಇಲಾಖೆಯವರು ಹಾರ್ಡೌನ್ ನೀರಿನ ಕಂಪನಿಯನ್ನು ಕೋರ್ಟಿಗೆ ಎಳೀತಿದ್ದಾರೆ. ನಮ್ಮ ನದಿಗೆ ಕೊಳಚೆ ಬಿಟ್ಟು ಮೀನು ಸಾಯಿಸಿದ್ದಕ್ಕೆ. ವಿಚಾರಣೆ ಮೇ ತಿಂಗಳಲ್ಲಿ. ನಿನ್ನ ಹಳೇ ಕಂಪನಿ ಅಂತ ನಿನಗೆ ಕಸಿವಿಸಿ ಆಗಬಹುದು, ಇಪ್ಪತ್ತಾರು ವರ್ಷ ಅವರ ಶುದ್ಧೀಕರಣ ಘಟಕದಲ್ಲಿ ದುಡಿದವನು ನೀನು. ಆದರೆ ಆ ದಿನ ನೀನು ನೋಡಲಿಲ್ಲ ಕ್ಲೆಮ್. ಸೇತುವೆಯಿಂದ ಗಿರಣಿಯವರೆಗೆ ಟ್ರೌಟ್ ಮೀನು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಾನು ಅಪ್ಪನ ರಬ್ಬರ್ ಷರಾಯಿ ಹಾಕಿಕೊಂಡು ಇಳಿದೆ. ಹನ್ನೊಂದು ಕೈಗಾಡಿ ತುಂಬಿಸಿದೆವು. ನಾವು ಮಕ್ಕಳಾಗಿದ್ದಾಗ ಬೊಗಸೆಯಲ್ಲಿ ಕುಡಿದ ನೀರು ಅದು. ಈಗಲೂ ಆ ವಾಸನೆ ಮೂಗಿನಿಂದ ಹೋಗಿಲ್ಲ.

ಕಂಪನಿ ಹೇಳೋದು, ಜೋರು ಮಳೆ ಬಂದು ಕೊಳಚೆ ಟ್ಯಾಂಕು ತುಂಬಿತು, ಅದಕ್ಕೇ ನದಿಗೆ ಬಿಡುವ ಗೇಟು ತೆಗೆದೆವು, ಮಳೆಗೆ ತೆಗೆಯಲು ನಮಗೆ ಅನುಮತಿ ಇದೆ ಅಂತ. ಮಳೆಯಂತೆ ಮಳೆ. 2016ರ ಆಗಸ್ಟ್ ಹದಿನಾರರ ಮಧ್ಯಾಹ್ನ ಗೇಟು ತೆಗೆದಿದ್ದಾರೆ, ಅವತ್ತು ನಾನು ಟೊಮೇಟೊ ಗಿಡಕ್ಕೆ ಕೊಡದಲ್ಲಿ ನೀರು ಹೊತ್ತಿದ್ದೇನೆ. ಘಟಕದ ಮಳೆಮಾಪಕ ಆ ತಿಂಗಳು ಕೆಟ್ಟಿತ್ತಂತೆ, ಇನ್ನೊಂದು ಇರೋದು ಹದಿನಾಲ್ಕು ಮೈಲಿ ಆಚೆ. ಸುತ್ತಮುತ್ತ ದಿನಾ ಮಳೆ ಅಳೆದು ಬರೆದಿಟ್ಟವಳು ನಾನೊಬ್ಬಳೇ. ಅಪ್ಪನ ಕಾಲದಿಂದ ಐವತ್ತೆರಡು ವರ್ಷ, ಒಂದು ದಿನ ತಪ್ಪಿಲ್ಲ. ಆ ಪುಸ್ತಕವನ್ನೇ ಕೇಳಿದ್ದಾರೆ. ಅಪ್ಪ ಇದ್ದಿದ್ದರೆ ಟೈ ಕಟ್ಟಿಕೊಂಡು ಹೊರಡುತ್ತಿದ್ದರು.

ನಿನ್ನ ವಿಳಾಸವನ್ನೂ ಕೇಳಿದರು. ಎಲ್ಲೋ ಉತ್ತರದಲ್ಲಿದ್ದಾನೆ ಅಂದೆ. ನಿನಗೆ ಯಾಕೆ ಸುಮ್ಮನೆ ತಲೆನೋವು.

ನಿನ್ನ
ಹೆಸ್ಟರ್


ಯೆಲ್ ದ್ವೀಪ, ಶೆಟ್ಲೆಂಡ್
30 ಜನವರಿ 2018

ಅಕ್ಕಾ,

ನಿನ್ನ ಪತ್ರ ತಲುಪಿತು. ಗಾಳಿಗೆ ಮೂರು ದಿನ ದೋಣಿ ನಿಂತಿತ್ತು, ಅಂಚೆಯೂ ನಿಂತಿತ್ತು. ನನಗೆ ದೋಣಿಕಟ್ಟೆಯಲ್ಲಿ ಹಗ್ಗ ಹಿಡಿದು ಕಟ್ಟುವ ಕೆಲಸ ಸಿಕ್ಕಿದೆ, ವಾರಕ್ಕೆ ನಾಲ್ಕು ದಿನ. ಇಲ್ಲಿ ಮರವೇ ಇಲ್ಲ. ಮೊದಮೊದಲು ಕಣ್ಣಿಗೆ ನಿಲ್ಲೋಕೆ ಜಾಗ ಸಿಗುತ್ತಿರಲಿಲ್ಲ, ಈಗ ಅಭ್ಯಾಸವಾಗಿದೆ.

ಒಂದು ಮಾತು. ಪುಸ್ತಕ ಕೊಡಬೇಡ. ಅಪ್ಪನ ಪುಸ್ತಕ ಮನೆಯಲ್ಲೇ ಇರಲಿ. ಕೋರ್ಟಿನವರು ಎಲ್ಲೋ ತೇವದ ಕೋಣೆಯಲ್ಲಿ ಬಿಸಾಕುತ್ತಾರೆ, ಆಮೇಲೆ ಹುಡುಕಿದರೂ ಸಿಗಲ್ಲ. ಮೀನು ಕಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರು ಹೇಳಲಿ. ನಿನಗೆ ವಯಸ್ಸಾಯ್ತು, ಕೋರ್ಟು ಮೆಟ್ಟಿಲು ಯಾಕೆ ಹತ್ತುತ್ತೀಯ. ನನ್ನ ಮಾತು ಕೇಳು.

ಕ್ಲೆಮ್


ಸ್ಯಾಲೋಬ್ರಿಡ್ಜ್
8 ಫೆಬ್ರವರಿ 2018

ಕ್ಲೆಮ್,

ವಯಸ್ಸಾಯ್ತಂತೆ. ಎಪ್ಪತ್ತೊಂದು. ನಿನ್ನ ಕೈಗಾಡಿ ನಾನು ತಳ್ಳುತ್ತೇನೆ, ನನ್ನದು ನೀನು ತಳ್ಳು, ನೋಡೋಣ ಯಾರಿಗೆ ಮೊದಲು ಏದುಸಿರು ಬರುತ್ತೆ.

ಪುಸ್ತಕ ಕೊಟ್ಟಾಯ್ತು. ನಿನ್ನ ಪತ್ರ ಬರುವ ಮೊದಲೇ ಇಲಾಖೆಯ ಹುಡುಗಿ ರೊವೀನಾ ಬಂದು ಬಿಸ್ಕತ್ತು ತಿಂದು ರಸೀದಿ ಬರೆದು ತಗೊಂಡು ಹೋದಳು. ಬಟ್ಟೆಯಲ್ಲಿ ಸುತ್ತಿ ಮಗುವಿನ ಹಾಗೆ ಹಿಡಿದುಕೊಂಡಳು, ತೇವದ ಚಿಂತೆ ನಿನಗೆ ಬೇಡ. ಈ ವರ್ಷದ ಮಳೆಗೆ ಹೊಸ ಪುಸ್ತಕ ಶುರು ಮಾಡಿದ್ದೇನೆ.

ನಿನಗಿರೋ ಚಿಂತೆ ತೇವದ್ದಲ್ಲ ಅಂತ ನನಗೆ ಗೊತ್ತು. ನಾನು ಕುರುಡಿಯಲ್ಲ. ಕಂಪನಿಯ ಪಿಂಚಣಿ ತಿನ್ನುತ್ತೀಯ, ಕಂಪನಿಗೆ ದಂಡ ಬಿದ್ದರೆ ನಿನ್ನ ಹೊಟ್ಟೆಗೆ ಬೀಳುತ್ತೆ ಅಂತ ಭಯ. ಇಪ್ಪತ್ತಾರು ವರ್ಷ ಅವರ ಕೋಟು ಹಾಕಿ ಹಾಕಿ ಅದು ಮೈಗೇ ಅಂಟಿಕೊಂಡಿದೆ. ನಿನ್ನಿಂದ ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ಒಂದು ಸಲವಾದರೂ ಆ ಮೀನಿನ ಬಗ್ಗೆ ಕೇಳಿದೆಯಾ? ನದಿಯಲ್ಲಿ ಈಗ ಏನಿದೆ ಅಂತ ಕೇಳಿದೆಯಾ? ಇಲ್ಲ. ಮರವಿಲ್ಲವಂತೆ, ಗಾಳಿಯಂತೆ.

ಕೇಳದಿದ್ದರೂ ಹೇಳುತ್ತೇನೆ. ಸೇತುವೆ ಕೆಳಗೆ ಕಲ್ಲಿನ ಮೇಲೆ ಕಂದು ಪಾಚಿ, ಜಾರುತ್ತೆ. ನೀರಿನಲ್ಲಿ ಹೂ ಬಿಡುತ್ತಿದ್ದ ಗಿಡ ಒಂದೂ ಇಲ್ಲ. ನಿನ್ನ ಕಂಪನಿಯ ಕೃಪೆ.

ಹೆಸ್ಟರ್


ಯೆಲ್
20 ಮಾರ್ಚ್ 2018

ಅಕ್ಕಾ,

ಪಿಂಚಣಿಯ ವಿಷಯ ಅಲ್ಲ. ಅದನ್ನು ನೀನು ಬರೆಯಬಾರದಿತ್ತು.

ಕೊಟ್ಟಾಯ್ತು ಅಂದಮೇಲೆ ಮುಗಿಯಿತು. ವಾಪಸ್ ಕೇಳಲು ಆಗುತ್ತಾ? ಅಪ್ಪನ ವಸ್ತು, ಕೊಡಲು ಮನಸ್ಸಿಲ್ಲ ಅಂದರೆ ಬಲವಂತ ಮಾಡುತ್ತಾರಾ? ಕೇಳಿ ನೋಡು.

ಮಳೆಮಾಪಕದ ತಾಮ್ರದ ಬಾಯಿ ಇನ್ನೂ ಮಟ್ಟವಾಗಿದೆಯಾ? ಪಕ್ಕದ ಹಾಥಾರ್ನ್ ಮುಳ್ಳುಗಿಡದ ಬೇಲಿ ಎತ್ತರ ಆಗಿದ್ದರೆ ಕತ್ತರಿಸು, ಹನಿ ತಡೆಯುತ್ತೆ. ಈಗಲೂ ಒಂಬತ್ತಕ್ಕೇ ಅಳೆಯುತ್ತೀಯಾ? ನಿನ್ನ ಪುಸ್ತಕದಲ್ಲಿ ಆ ಹದಿನಾರರ ಸಾಲಿನಲ್ಲಿ ಏನಿದೆ ಅಂತ ಕೊಡುವ ಮೊದಲು ನೋಡಿದೆಯಾ?

ಇಲ್ಲಿ ನಿನ್ನೆ ಹಿಮ ಬಿತ್ತು. ಹಗ್ಗ ಗಟ್ಟಿಯಾಗಿ ಕೈ ಕೊಯ್ಯಿತು.

ಕ್ಲೆಮ್


ಸ್ಯಾಲೋಬ್ರಿಡ್ಜ್
27 ಮೇ 2018

ಕ್ಲೆಮ್,

ಎರಡು ತಿಂಗಳು ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬೇಲಿ ಕತ್ತರಿಸು ಅಂತ ಬುದ್ಧಿ ಹೇಳಿದ್ದಕ್ಕೆ ಸಿಟ್ಟು ಬಂದಿತ್ತು. ಈಗ ಆ ಪತ್ರವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಕೂತರೆ ಏಳುತ್ತೇನೆ, ಎದ್ದರೆ ಕೂರುತ್ತೇನೆ. ಕೆಟಲ್ ಮೂರು ಸಲ ಕುದಿಸಿದೆ, ಚಹಾ ಮಾಡಲು ಮರೆತೆ.

ಮಂಗಳವಾರ ಸಾಕ್ಷಿ ಹೇಳಿದೆ. ಕಂಪನಿಯ ವಕೀಲ ತೆಳ್ಳಗೆ, ಬಹಳ ಮರ್ಯಾದಸ್ಥ. ಪುಸ್ತಕ ನನ್ನ ಕೈಗೆ ಕೊಟ್ಟು 2016ರ ಆಗಸ್ಟ್ ಹದಿನಾರು ಓದಿ ಅಂದ. ಓದಿದೆ. ಹತ್ತೊಂಬತ್ತು ಪಾಯಿಂಟ್ ಎರಡು ಮಿಲಿಮೀಟರ್. ಹದಿನೇಳು ಓದಿ ಅಂದ. ಸೊನ್ನೆ. ಥ್ಯಾಂಕ್ಸ್ ಹೇಳಿದ. ಅಂದರೆ ಹದಿನಾರಕ್ಕೆ ಜೋರು ಮಳೆ ಬಂದಿತ್ತು ಅಂತ ನೀವೇ ಬರೆದಿದ್ದೀರಿ ಅಂದ.

ನಿನಗೆ ಗೊತ್ತು, ನನಗೆ ಗೊತ್ತು, ಅಪ್ಪ ನಮ್ಮಿಬ್ಬರ ಕಿವಿ ಹಿಂಡಿ ಕಲಿಸಿದ್ದು: ಬೆಳಿಗ್ಗೆ ಒಂಬತ್ತಕ್ಕೆ ಅಳೆದ ಮಳೆಯನ್ನು ಹಿಂದಿನ ದಿನದ ಸಾಲಿಗೆ ಬರೆಯಬೇಕು. ದೇಶದಲ್ಲಿ ಮಳೆ ಅಳೆಯುವವರೆಲ್ಲ ಹಾಗೇ ಬರೆಯೋದು. ಐವತ್ತೆರಡು ವರ್ಷದಿಂದ ಆ ಸಾಲು ನೋಡಿದರೆ ನನ್ನ ಕಣ್ಣಿಗೆ ಮಾರನೇ ಬೆಳಿಗ್ಗೆಯೇ ಕಾಣೋದು. ಬೇರೆಯವರು ಅದನ್ನು ಬೇರೆ ಥರ ಓದಬಹುದು ಅಂತ ಹೊಳೆಯಲೇ ಇಲ್ಲ ನನಗೆ. ಅಷ್ಟು ಪೆದ್ದಿ ನಾನು. ಪೂರ್ತಿ ವಿವರಿಸಿದೆ. ಅವನು ತಲೆಯಾಡಿಸಿ ಕೇಳಿಸಿಕೊಂಡು, ಹಾಗಾದರೆ ಹದಿನಾರರ ಒಂಬತ್ತರಿಂದ ಹದಿನೇಳರ ಒಂಬತ್ತರ ಒಳಗೆ ಅದು ಎಷ್ಟು ಗಂಟೆಗೆ ಬಿತ್ತು ಮೇಡಂ ಅಂತ ಕೇಳಿದ.

ಗೊತ್ತಿಲ್ಲ ಅಂದೆ. ಮಲಗುವಾಗ ಕಿವಿಯ ಮಿಷನ್ ತೆಗೆದಿಡುತ್ತೇನೆ, ಮನೆ ಮೇಲೆ ಸಿಡಿಲು ಬಿದ್ದರೂ ಕೇಳಲ್ಲ. ಸಂಜೆ ಟೊಮೇಟೊಗೆ ನೀರು ಹಾಕಿದ್ದೆ ಅಂದೆ. ಎರಡು ವರ್ಷದ ಹಿಂದಿನ ಟೊಮೇಟೊವಾ ಅಂತ ಕೇಳಿದ. ಕೋರ್ಟೆಲ್ಲ ನಕ್ಕಿತು. ಊರಿನವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ನೆನಪು.

ಆಮೇಲೆ ಅವನು ಇನ್ನೊಂದು ಕಾಗದ ತೆಗೆದ. ಘಟಕದ ದಿನದ ಹಾಳೆ. ಆಗಸ್ಟ್ ಹದಿನಾರು, ಭಾರಿ ಮಳೆ, 19.2, ಗೇಟು ತೆರೆಯಲಾಯಿತು. ಕೆಳಗೆ ಸಹಿ, ಸಿ. ಪಿಂಡರ್, ನಿನ್ನದೇ ಕೈಬರಹ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆ ಒಂದೇ ಮಾತು ಹೇಳುತ್ತಿವೆ ಅಂದ.

ಸಂಬಂಧವಿಲ್ಲದ. ಆ ಅಂಕಿ ನನ್ನದು ಕಣೋ. ದಿನಾ ಒಂಬತ್ತು ಹೊಡೆದ ಮೇಲೆ ನೀನು ಘಟಕದಿಂದ ಫೋನ್ ಮಾಡಿ ಎಷ್ಟಿದೆ ಅಕ್ಕಾ ಅಂತ ಕೇಳುತ್ತಿದ್ದೆ. ಅವತ್ತೂ ಕೇಳಿದೆ. ಮೀನಿನ ಸುದ್ದಿ ಬರುವುದಕ್ಕೆ ಅರ್ಧ ಗಂಟೆ ಮುಂಚೆ, ನಗುನಗುತ್ತಾ ಹೇಳಿದವಳು ನಾನು.

ನ್ಯಾಯಾಧೀಶರು ಸೆಪ್ಟೆಂಬರ್ ಹನ್ನೊಂದಕ್ಕೆ ಮುಂದೂಡಿದ್ದಾರೆ. ಹೊಸ ಸಾಕ್ಷಿ ಇಲ್ಲದಿದ್ದರೆ ಕೇಸು ಬಿದ್ದುಹೋಗುತ್ತೆ, ಬಿದ್ದರೆ ಕಂಪನಿ ನಾಳೆಯೇ ಮತ್ತೆ ಕೊಳಚೆ ಬಿಡುತ್ತೆ ಅಂದಳು ರೊವೀನಾ. ಅವಳು ನನ್ನ ಮುಖ ನೋಡಲಿಲ್ಲ.

ಮಳೆ ಎಷ್ಟು ಗಂಟೆಗೆ ಬಂತು ಕ್ಲೆಮ್?

ಹೆಸ್ಟರ್


ಯೆಲ್
11 ಜೂನ್ 2018

ಅಕ್ಕಾ,

ಬರೆಯುತ್ತೇನೆ. ಸ್ವಲ್ಪ ಸಮಯ ಕೊಡು. ಎರಡು ಸಲ ಬರೆದು ಒಲೆಗೆ ಹಾಕಿದೆ.

ಕ್ಲೆ.


ಸ್ಯಾಲೋಬ್ರಿಡ್ಜ್
2 ಜುಲೈ 2018

ಕ್ಲೆಮ್,

ಸಮಯ ಕೊಟ್ಟೆ. ಮೂರು ವಾರ. ಇನ್ನೆಷ್ಟು?

ಈ ವಾರ ಮಳೆ ಅಳೆದಿಲ್ಲ. ಜೂನ್ ಇಪ್ಪತ್ತೆಂಟರಿಂದ ಮಾಪಕದ ಹತ್ತಿರ ಹೋಗಿಲ್ಲ. ಒಂಬತ್ತಾಗುತ್ತೆ, ಕಾಲು ತಾನೇ ಬಾಗಿಲವರೆಗೆ ಹೋಗುತ್ತೆ, ವಾಪಸ್ ಬರುತ್ತೆ. ಅಪ್ಪ ಸತ್ತ ದಿನವೂ ಅಳೆದಿದ್ದೆ, ನಿನಗೆ ನೆನಪಿರಬೇಕು, ಪಾದ್ರಿ ಕಾಯುತ್ತಿದ್ದರು. ಈಗ ಆ ಗಾಜಿನ ಕೊಳವೆ ತೆಗೆದು ಮತ್ತೆ ಕಪಾಟಿನಲ್ಲೇ ಇಡುತ್ತೇನೆ. ಬರೆದದ್ದನ್ನು ಇನ್ಯಾರಿಗೆ ಹಿಡಿದು ಕೊಡುತ್ತೇನೋ ಅಂತ ಭಯ.

ದಿನಾ ನದಿದಂಡೆಗೆ ಹೋಗುತ್ತೇನೆ, ನಿಲ್ಲಲಾಗದೆ ಬರುತ್ತೇನೆ. ಊರಲ್ಲಿ ಮಿಸೆಸ್ ಟ್ರಿಗ್ ಈಗ ನನ್ನ ಹತ್ತಿರ ಹವಾಮಾನ ಕೇಳುವುದನ್ನು ನಿಲ್ಲಿಸಿದ್ದಾಳೆ. ಮೊದಲು ತಲೆ ತಿನ್ನುತ್ತಿದ್ದಳು, ಈಗ ಅದೂ ಇಲ್ಲದೆ ಬೇಜಾರು.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಇಲಾಖೆಯವರು ನಿನ್ನ ವಿಳಾಸವನ್ನು ಒಂದು ಸಲ ಅಲ್ಲ, ನಾಲ್ಕು ಸಲ ಕೇಳಿದ್ದಾರೆ. ಮನೆಯವರೆಗೆ ಬಂದು ಕೇಳಿದ್ದಾರೆ. ಗೊತ್ತಿಲ್ಲ ಅಂದೆ. ನಿನ್ನ ಕುರಿ ಕಾರ್ಡು ಅಲ್ಲೇ ಒಲೆಯ ಮೇಲಿನ ಕಟ್ಟೆಯಲ್ಲಿತ್ತು, ಎದ್ದು ಅದಕ್ಕೆ ಬೆನ್ನು ಕೊಟ್ಟು ನಿಂತೆ. ಆ ಹಾಳೆಯಲ್ಲಿ ನಿನ್ನ ಸಹಿ ಇರಬಹುದು ಅಂತ ಆಗಲೇ ಅನುಮಾನ ಇತ್ತು ಅನ್ನಿಸುತ್ತೆ. ನನಗೂ ನಾನೇ ಸುಳ್ಳು ಹೇಳಿಕೊಂಡೆ.

ಈಗಲೂ ನಾನು ವಿಳಾಸ ಕೊಡಲ್ಲ. ಕೊಡೋದಾದರೆ ನೀನೇ ಕೊಡಬೇಕು.

ಹೆಸ್ಟರ್


ಯೆಲ್
19 ಜುಲೈ 2018

ಅಕ್ಕಾ,

ಇದನ್ನು ಸುಡುವುದಿಲ್ಲ.

ಆಗಸ್ಟ್ ಹದಿನೈದಕ್ಕೆ ಎರಡನೇ ಪಂಪು ನಿಂತಿತು. ಮೊದಲನೆಯದು ಏಪ್ರಿಲ್‌ನಲ್ಲೇ ಕೆಟ್ಟಿತ್ತು, ಬದಲಿ ಬರುತ್ತೆ ಬರುತ್ತೆ ಅಂತ ಕಾಯುತ್ತಿದ್ದೆವು. ಹದಿನಾರರ ಬೆಳಿಗ್ಗೆ ಟ್ಯಾಂಕು ಅಂಚಿಗೆ ಬಂದಿತ್ತು. ಮ್ಯಾನೇಜರ್ ಹ್ಯಾರಿಡ್ಜ್ ಬಂದು ನೋಡಿದ. ಟ್ಯಾಂಕರ್ ಲಾರಿ ತರಿಸಿ ಅಂದೆ. ನಾಳೆ ನೋಡೋಣ, ಈಗ ಗೇಟು ತೆಗಿ ಅಂದ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಾನು ಅಂಗಿಯ ತೋಳು ಮಡಚಿ ಹೊರಗೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಎದ್ದು ಹೋಗಿ ಗೇಟು ತಿರುಗಿಸಿದೆ. ಇಪ್ಪತ್ತೆರಡು ಸುತ್ತು. ಯಾರೂ ನನ್ನ ಕೈ ಹಿಡಿದು ತಿರುಗಿಸಲಿಲ್ಲ.

ಅವತ್ತು ನಾನು ಮನೆಗೆ ಹೋಗಲಿಲ್ಲ. ಹದಿನೇಳರ ಬೆಳಗಿನ ಜಾವ ನಾಲ್ಕು ನಲವತ್ತಕ್ಕೆ ಮಳೆ ಶುರುವಾಯಿತು. ಆರರ ತನಕ ಸುರಿಯಿತು. ಅದಕ್ಕೆ ಮುಂಚೆ ಒಂದು ಹನಿ ಬಿದ್ದಿರಲಿಲ್ಲ. ಗೇಟು ತೆಗೆದು ಹದಿನಾರು ಗಂಟೆ ಮೇಲಾಗಿತ್ತು.

ಹ್ಯಾರಿಡ್ಜ್ ಎಂಟೂವರೆಗೆ ಬಂದ. ನಿಮ್ಮ ಅಕ್ಕನ ಪುಸ್ತಕದಲ್ಲಿ ಈ ಮಳೆ ಯಾವ ತಾರೀಕಿಗೆ ಬೀಳುತ್ತೆ ಅಂತ ಕೇಳಿದ. ನಾನೇ ಯಾವತ್ತೋ ಅವನಿಗೆ ಅಪ್ಪನ ಪದ್ಧತಿ ಹೇಳಿ ನಗಿಸಿದ್ದೆ. ಹದಿನಾರಕ್ಕೆ ಅಂದೆ. ಹಾಗಾದರೆ ಕೇಳಿ ಬರಿ ಅಂದ. ಫೋನ್ ಮಾಡಿದೆ. ಹದಿನಾರಕ್ಕೆ ಹತ್ತೊಂಬತ್ತು ಪಾಯಿಂಟ್ ಎರಡು ಕಣೋ, ಟೊಮೇಟೊಗೆ ಹಬ್ಬ ಅಂದೆ ನೀನು. ಬರೆದೆ. ಬರೆಯುವಾಗ ಇದರಲ್ಲಿ ಸುಳ್ಳು ಏನಿದೆ, ಅಂಕಿ ಸರಿ, ಪದ್ಧತಿ ಸರಿ ಅಂತ ಅಂದುಕೊಂಡೆ.

ಆಮೇಲೆ ಸೇತುವೆಗೆ ಬಂದೆ. ನಾನು ನೋಡಲಿಲ್ಲ ಅಂತ ಬರೆದಿದ್ದೀಯ. ನೋಡಿದೆ. ನೀನು ಸೊಂಟದವರೆಗೆ ಆ ನೀರಿನಲ್ಲಿ ನಿಂತು ಒಂದೊಂದೇ ಎತ್ತಿ ಗಾಡಿಗೆ ಹಾಕುತ್ತಿದ್ದೆ. ಮೂಗು ಒರೆಸಿಕೊಳ್ಳಲು ಕೈ ಶುದ್ಧ ಇಲ್ಲ ಅಂತ ಭುಜಕ್ಕೆ ಒರೆಸಿಕೊಂಡೆ. ನಾನು ಹಿಂದಕ್ಕೆ ಹೋದೆ. ಜೋನ್ ಹೆಸರು ಹೇಳಿ ಊರು ಬಿಟ್ಟೆ. ಅವಳು ಇದ್ದಿದ್ದರೆ ನನ್ನನ್ನು ಅವತ್ತೇ ನಿನ್ನ ಮನೆ ಬಾಗಿಲಿಗೆ ಎಳೆದು ತರುತ್ತಿದ್ದಳು.

ಹೇಳಿದರೆ ನನ್ನ ಮೇಲೂ ಕೇಸು ಆಗಬಹುದು. ಅದಕ್ಕಿಂತ, ಕಟಕಟೆಯಲ್ಲಿ ನಿಂತು ಇದನ್ನು ನಿನ್ನ ಮುಂದೆ ಹೇಳಬೇಕಲ್ಲ, ಅದಕ್ಕೆ ಧೈರ್ಯ ಬರುತ್ತಿಲ್ಲ.

ಕ್ಲೆಮ್


ಸ್ಯಾಲೋಬ್ರಿಡ್ಜ್
26 ಜುಲೈ 2018

ಕ್ಲೆಮ್,

ಓದಿದೆ. ಓದಿ ತಟ್ಟೆ ಒಡೆದೆ, ಅಮ್ಮನ ನೀಲಿ ತಟ್ಟೆ. ಅದೂ ನಿನ್ನ ಲೆಕ್ಕಕ್ಕೇ.

ಸಮಾಧಾನದ ಮಾತು ನನ್ನ ಹತ್ತಿರ ಇಲ್ಲ, ಹುಡುಕಲೂ ಇಲ್ಲ. ನೀನು ಬರೆದಿರುವ ಕಾಗದ ಇಲಾಖೆಗೆ ಕೊಟ್ಟರೆ ಸಾಕಾಗಬಹುದು. ಕೊಡಲ್ಲ. ಅದು ನನಗೆ ಬರೆದದ್ದು. ರೊವೀನಾಳ ಫೋನ್ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ. ನನ್ನ ನದಿಯನ್ನು ಕೊಂದು ನನ್ನ ಪುಸ್ತಕದ ಹಿಂದೆ ಅಡಗಿದರು, ಆ ಪುಸ್ತಕವನ್ನು ಬಿಡಿಸೋಕೆ ಆಗುವವನು ನೀನೊಬ್ಬನೇ.

ಸೆಪ್ಟೆಂಬರ್ ಹನ್ನೊಂದು, ಹತ್ತು ಗಂಟೆ. ನಾನು ಎರಡನೇ ಸಾಲಿನಲ್ಲಿ ಕೂತಿರುತ್ತೇನೆ. ನನ್ನ ಕಡೆ ನೋಡದೆ ಹೇಳು, ಅಡ್ಡಿಯಿಲ್ಲ.

ಹೆಸ್ಟರ್


ಸ್ಯಾಲೋಬ್ರಿಡ್ಜ್
14 ಅಕ್ಟೋಬರ್ 2018

ಕ್ಲೆಮ್,

ಒಂದು ತಿಂಗಳು ಬೇಕಾಯಿತು ಪೆನ್ನು ಹಿಡಿಯಲು. ಅವತ್ತು ಕೋರ್ಟಿನ ಮೆಟ್ಟಿಲ ಹತ್ತಿರ ನೀನು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ. ನಾನು ಪಕ್ಕದಲ್ಲೇ ಹಾದು ಬಸ್ ಹತ್ತಿದೆ. ನೋಡಲಿಲ್ಲ ಅಂದುಕೊಂಡಿರಬೇಡ. ನೋಡಿದೆ. ಬಹಳ ಬಡವಾಗಿದ್ದೀಯ. ಮನೆಯಲ್ಲಿ ಕುರಿ ಮಾಂಸದ ಹೂರಣ ಹಾಕಿ ಪೈ ಮಾಡಿಟ್ಟು ಬಂದಿದ್ದೆ, ನಿನಗೆ ಅಂತಲೇ. ನಾಲ್ಕು ದಿನ ಒಬ್ಬಳೇ ತಿಂದೆ.

ಶುಕ್ರವಾರ ತೀರ್ಪು ಬಂತು. ಕಂಪನಿಗೆ ಹದಿನೆಂಟು ಲಕ್ಷ ಪೌಂಡ್ ದಂಡ. ಊರಿನ ಪಬ್ಬಿನಲ್ಲಿ ಗಂಟೆ ಬಾರಿಸಿದರು. ದಂಡದ ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತಂತೆ, ನದಿಗೆ ಒಂದು ಬಕೆಟ್ ಮೀನೂ ಇಲ್ಲ. ಆದರೆ ಎರಡು ಹೊಸ ಪಂಪು ಬಂದಿವೆ, ಕಣ್ಣಾರೆ ನೋಡಿ ಬಂದೆ, ಬೇಲಿ ಹತ್ತಿ. ಹ್ಯಾರಿಡ್ಜ್ ಕೆಲಸ ಬಿಟ್ಟನಂತೆ. ನಿನ್ನ ಮೇಲೆ ಕೇಸು ಹಾಕಬೇಕೋ ಬೇಡವೋ ಅಂತ ಇಲಾಖೆ ಇನ್ನೂ ತೀರ್ಮಾನ ಮಾಡಿಲ್ಲ ಅಂದಳು ರೊವೀನಾ. ಅದು ತಿಳಿಯುವ ತನಕ ನನಗೂ ನಿದ್ದೆ ಸರಿ ಬರಲ್ಲ.

ಆದರೆ ನಾನು ಬಸ್ ಹತ್ತಿದ್ದು ಯಾಕೆ ಅಂತ ಹೇಳಬೇಕು. ಗೇಟಿಗಲ್ಲ, ಹಾಳೆಗಲ್ಲ. ಅದೆಲ್ಲ ಪತ್ರದಲ್ಲಿ ಓದಿ ಬೈದು ಮುಗಿಸಿದ್ದೆ. ಆ ತೆಳ್ಳಗಿನ ವಕೀಲ ನಿನ್ನನ್ನು ಕೇಳಿದನಲ್ಲ, ಎರಡು ವರ್ಷದ ಹಿಂದಿನ ಗಂಟೆ ನಿಮಿಷ ನಿಮಗೆ ಹೇಗೆ ನೆನಪಿದೆ, ಸುಳ್ಳು ಬರೆದವರನ್ನು ನಾವು ಯಾಕೆ ನಂಬಬೇಕು ಅಂತ. ನೀನು ಟೋಪಿಯನ್ನು ಕಟಕಟೆಯ ಅಂಚಿನ ಮೇಲಿಟ್ಟೆ. ಆಮೇಲೆ ಹೇಳಿದೆ:

“ಮೊದಲ ಹನಿ ಬಿದ್ದಾಗ ನಾನು ಹೊರಗೆ ಓಡಿ ಹೋಗಿ ನಕ್ಕೆ. ಇನ್ನು ಮಳೆಯ ಮೇಲೆ ಹಾಕಬಹುದು, ಬದುಕಿಕೊಂಡೆವು ಅಂತ ನಕ್ಕೆ. ನಗುತ್ತಾ ಗಡಿಯಾರ ನೋಡಿದೆ. ಅದಕ್ಕೇ ಗಂಟೆ ನೆನಪಿದೆ.”

ಅದನ್ನು ನನಗೆ ಬರೆದಿರಲಿಲ್ಲ ನೀನು. ಅವನು ಕಾಗದ ಮಡಚಿ ಕೂತ. ಹನ್ನೆರಡು ಜನ ಜ್ಯೂರಿಯೂ ನಿನ್ನನ್ನು ನಂಬಿದ್ದು ಆ ಮಾತಿಗೇ, ಅವರ ಮುಖದಲ್ಲೇ ಗೊತ್ತಾಯ್ತು. ನಾನೂ ಆ ಮಾತಿಗೇ ನಂಬಿದೆ, ಮತ್ತೆ ಆ ಮಾತನ್ನೇ ನುಂಗಲಾಗದೆ ಬಸ್ ಹತ್ತಿದೆ. ಕೆಳಗೆ ಮೀನು ಸಾಯುತ್ತಿದ್ದವು, ನನ್ನ ತಮ್ಮ ಮಳೆಯಲ್ಲಿ ನಿಂತು ನಗುತ್ತಿದ್ದ. ಇದನ್ನು ಕ್ಷಮಿಸುತ್ತೇನಾ ಅಂತ ನನಗೆ ಗೊತ್ತಿಲ್ಲ. ಕ್ಷಮಿಸಿದೆ ಅಂತ ಬರೆದರೆ ಸುಳ್ಳಾಗುತ್ತೆ, ಸುಳ್ಳು ಸಾಕು ನಮಗೆ. ನನ್ನ ಮುಂದೆ ಅದನ್ನು ಹೇಳಲು ನಿನಗೆ ಎಷ್ಟು ಕಷ್ಟ ಆಯ್ತು ಅನ್ನೋದು ಮಾತ್ರ ಗೊತ್ತು.

ಕೋರ್ಟಿನವರು ಪುಸ್ತಕ ವಾಪಸ್ ಕೊಟ್ಟರು. ತೇವ ಆಗಿಲ್ಲ. ಈ ತಿಂಗಳ ಒಂದರಿಂದ ಮತ್ತೆ ಅಳೆಯುತ್ತಿದ್ದೇನೆ. ಹೊಸ ಪುಸ್ತಕದಲ್ಲಿ ಬೇಸಿಗೆಯ ತೊಂಬತ್ತೈದು ದಿನ ಖಾಲಿ ಸಾಲು, ಅದು ಹಾಗೇ ಇರುತ್ತೆ. ಹಳೆಯದರಲ್ಲಿ ಆಗಸ್ಟ್ ಹದಿನಾರರ ಅಂಕಿಯನ್ನೂ ಅಳಿಸುವ ಹಾಗಿಲ್ಲ, ಅಪ್ಪನ ಕಟ್ಟುನಿಟ್ಟು ನಿನಗೆ ಗೊತ್ತು. ಆದರೆ ಬಲಗಡೆ ಷರಾದ ಕಾಲಂ ಇದೆಯಲ್ಲ, ಹಿಮ ಗುಡುಗು ಬರೆಯುವ ಜಾಗ. ಹದಿನೇಳರ ಮುಂದೆ ನಾನು ‘ಮೀನೆಲ್ಲ ಸತ್ತವು’ ಅಂತ ಬರೆದಿದ್ದೇನೆ. ಹದಿನಾರರ ಮುಂದೆ ಖಾಲಿ ಇದೆ. ಅಲ್ಲಿ ಮಳೆ ಯಾವಾಗ ಬಂತು ಅಂತ ಬರೆಯಬೇಕು. ಅದನ್ನು ಕಂಡವನು ನೀನು, ನಿನ್ನ ಕೈಯಲ್ಲೇ ಬರೆಯಬೇಕು.

ಆ ಹಳೇ ಪುಸ್ತಕ ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ, ಅದೇ ಬಟ್ಟೆಯಲ್ಲಿ ಸುತ್ತಿ. ಅಂಚೆಯವನು ಮೂರು ಸಲ ಕೇಳಿಯೇ ಕೇಳುತ್ತಾನೆ, ವಿಮೆ ಬೇಡವಾ ಅಂತ. ಬರೆದು ಶಾಯಿ ಒಣಗಿಸು. ಅಂಚೆಯಲ್ಲಿ ವಾಪಸ್ ಕಳಿಸಬೇಡ. ನೀನೇ ತಗೊಂಡು ಬಾ.

ಹೆಸ್ಟರ್